ಚಿತ್ರದ ಜೊತೆ ನಿಂತ ಜಾಗವನ್ನೂ ಉಳಿಸಿಕೊಡಿ: ಜಿಲ್ಲಾಧಿಕಾರಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ,
ಉತ್ತರ ಕನ್ನಡ, ಕಾರವಾರ.

ಮಾನ್ಯರೇ,

ಸದಾಶಿವಗಡದ ಕಡೆಯಿಂದ ಕಾಳಿ ನದಿಯ ಅಳಿವೆಯನ್ನು ಬೇರೆ ಬೇರೆ ಕಾಲದಲ್ಲಿ ನೋಡಿದವರಿಗೆ ಮೊದಲು ಸೇತುವೆಯೇ ಇರಲಿಲ್ಲ, ಆಮೇಲೆ ಒಂದು ಬಂತು, ಚತುಷ್ಪಥ ಹೆದ್ದಾರಿಯ ಕಾಲಕ್ಕೆ ಎರಡಾಯಿತು, 2024ರ ಆಗಸ್ಟ್ 7ರಂದು ಹಳೆಯದು ಕುಸಿದು ಮತ್ತೆ ಒಂದಾಯಿತು. ಈ ನಾಲ್ಕೂ ಹೊತ್ತಿನ ಚಿತ್ರ ಪಕ್ಕಪಕ್ಕ ಇಟ್ಟರೆ ಅದಕ್ಕಿಂತ ಸ್ಪಷ್ಟವಾಗಿ ಈ ಊರಿನ ಬದಲಾವಣೆ ಹೇಳುವ ದಾಖಲೆ ಬೇರೆ ಬೇಕಿಲ್ಲ. ಆದರೆ ನಾಲ್ಕನ್ನೂ ಒಂದೇ ಜಾಗದಲ್ಲಿ ನಿಂತು ತೆಗೆದಿರಬೇಕು. ಇಲ್ಲವಾದರೆ ದಂಡೆ ಸರಿದಿದೆಯೋ, ಚಿತ್ರ ತೆಗೆದವರೇ ಸರಿದು ನಿಂತಿದ್ದರೋ ಹೇಳಲಾಗದು.

ಅದಕ್ಕಾಗಿ ನಮ್ಮ ಮನವಿ: ಜಿಲ್ಲೆಯಲ್ಲಿ ಖಾಯಂ ಛಾಯಾಚಿತ್ರ ಬಿಂದುಗಳನ್ನು ಗುರುತಿಸಿ, ಕಂಬ ನೆಡಿಸಿ, ವರ್ಷಕ್ಕೆ ಎರಡು ಸಲ ಚಿತ್ರ ತೆಗೆಸಿ.

ಇದು ಹೊಸ ವಿದ್ಯೆಯಲ್ಲ. ಜರ್ಮನಿಯ ಗಣಿತಜ್ಞ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಆಲ್ಪ್ಸ್‌ನ ಹಿಮನದಿಗಳ ಮೇಲೆ ಹೀಗೆ ಕಣ್ಣಿಟ್ಟದ್ದು 1888ರ ಹೊತ್ತಿಗೆ. 2017ರಲ್ಲಿ ಸಿಡ್ನಿಯ ಕಡಲದಂಡೆಗಳಲ್ಲಿ ಮೊಬೈಲ್ ಇಡುವ ಸ್ಟೀಲ್ ತೊಟ್ಟಿಲುಗಳನ್ನು ಕೂರಿಸಿದರು. ದಾರಿಹೋಕರೇ ಅದರಲ್ಲಿ ಫೋನ್ ಇಟ್ಟು ಚಿತ್ರ ತೆಗೆದು ಕಳಿಸುತ್ತಾರೆ. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬರುವವರಿಂದಲೂ ಈ ಕೆಲಸ ಸಾಧ್ಯ.

ಕಂಬವನ್ನು ಮರಳಿನಲ್ಲಿ ನೆಡಬೇಡಿ, ಒಂದೇ ಮಳೆಗಾಲಕ್ಕೆ ಬುಡ ಕಿತ್ತು ಹೋಗುತ್ತದೆ. ಬಂಡೆ, ಗುಡ್ಡದ ಗಟ್ಟಿ ನೆಲ, ರಸ್ತೆ ಅಗಲೀಕರಣದ ಗುರುತಿನ ಆಚೆಗಿರುವ ಸರ್ಕಾರಿ ಜಾಗ ಆಗಬಹುದು. ನೆಲದೊಳಗೆ 60 ಸೆಂಟಿಮೀಟರ್ ಕಾಂಕ್ರೀಟು, ನೆಲದ ಮೇಲೆ ಒಂದೂವರೆ ಮೀಟರ್ ಎತ್ತರ. ತೊಟ್ಟಿಲು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಬಣ್ಣ ಬಳಿದ ಕಬ್ಬಿಣ ಉಪ್ಪುಗಾಳಿಗೆ ಬಹಳ ದಿನ ನಿಲ್ಲದು. ಕಂಬ ಕಳೆದುಹೋದರೂ ಜಾಗ ಕಳೆಯಬಾರದು. ಹಾಗಾಗಿ ಹತ್ತಿರದ ಮೂರು ಅಲುಗದ ಗುರುತುಗಳಿಂದ ಟೇಪು ಹಿಡಿದು ಅಳೆದು ಬರೆದಿಡಬೇಕು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ಐದು ಮೀಟರಿನಷ್ಟು ಆಚೀಚೆ ತೋರಿಸುತ್ತದೆ, ಮರದಡಿಯಲ್ಲಿ ಇನ್ನೂ ಹೆಚ್ಚು.

ಹಳೆಯ ಚಿತ್ರವೊಂದರ ಜಾಗ ಹುಡುಕುವುದಿದ್ದರೆ ಅದರಲ್ಲಿ ಹತ್ತಿರದ್ದೊಂದು, ದೂರದ್ದೊಂದು ಗುರುತು ಆರಿಸಿಕೊಳ್ಳಬೇಕು. ಚಿರೆಕಲ್ಲಿನ ಗೋಡೆಯ ಮೂಲೆ, ಅದರ ಹಿಂದೆ ಗುಡ್ಡದ ನೆತ್ತಿಯ ತಗ್ಗು ಎಂದಿಟ್ಟುಕೊಳ್ಳಿ. ಹಳೆಯ ಚಿತ್ರದಲ್ಲಿ ಮೂಲೆ ಸರಿಯಾಗಿ ತಗ್ಗಿನ ಕೆಳಗಿದೆ. ಈಗ ಅದು ತಗ್ಗಿನ ಎಡಕ್ಕೆ ಕಂಡರೆ ನೀವು ಬಲಕ್ಕೆ ಹೆಚ್ಚು ಹೋಗಿದ್ದೀರಿ, ಎಡಕ್ಕೆ ಬರಬೇಕು. ಗೋಡೆ ಗುಡ್ಡವನ್ನು ಹಿಂದಿಗಿಂತ ಹೆಚ್ಚು ಮುಚ್ಚಿದರೆ ಕ್ಯಾಮೆರಾ ಮೊದಲಿಗಿಂತ ಕೆಳಗಿದೆ. ಅನೇಕ ಹಳೆಯ ಚಿತ್ರಗಳನ್ನು ಮಾಳಿಗೆ ಹತ್ತಿ ತೆಗೆದಿರುತ್ತಾರೆ. ಜೂಮ್ ಮಾಡಿ ಇದನ್ನು ಸರಿಪಡಿಸಲಾಗದು. ಜೂಮಿನಿಂದ ಚೌಕಟ್ಟು ಚಿಕ್ಕದಾಗುತ್ತದೆ ಅಷ್ಟೆ, ವಸ್ತುಗಳ ಹೊಂದಾಣಿಕೆ ಬದಲಾಗುವುದು ಕಾಲಿಟ್ಟ ಜಾಗ ಬದಲಾದಾಗ ಮಾತ್ರ. ಮನೆ, ರಸ್ತೆ, ತೆಂಗು ಎಲ್ಲ ಬದಲಾದ ಕಡೆಯಲ್ಲೂ ನಮ್ಮ ಜಿಲ್ಲೆಯಲ್ಲಿ ಗುಡ್ಡದ ಅಂಚು ಸಾಕ್ಷಿಗೆ ಸಿಗುತ್ತದೆ. ಇದು ನಮ್ಮ ಭಾಗ್ಯವೇ ಸರಿ.

ಹೆಚ್ಚಿನ ತಪ್ಪು ನಡೆಯುವುದು ಹೊತ್ತು ಆರಿಸುವಲ್ಲಿ. ಮಳೆಗಾಲದ ಅಲೆ ಮರಳನ್ನು ಎಳೆದೊಯ್ಯುತ್ತದೆ, ಮಳೆ ನಿಂತ ಮೇಲೆ ಬಹುಪಾಲು ಮರಳಿ ಬರುತ್ತದೆ. ಮೇ ತಿಂಗಳ ಚಿತ್ರವನ್ನು ಆಗಸ್ಟಿನ ಚಿತ್ರದ ಪಕ್ಕ ಇಟ್ಟು ಕಡಲಕೊರೆತ ಎಂದರೆ ಅದು ಸುಳ್ಳಾದೀತು. ಉಬ್ಬರವಿಳಿತದ ಲೆಕ್ಕವೂ ಬೇಕು: ಇಪ್ಪತ್ತು ಮೀಟರ್ ದೂರಕ್ಕೆ ಒಂದು ಮೀಟರ್ ಇಳಿಯುವ ದಂಡೆಯಲ್ಲಿ ನೀರು ಒಂದು ಮೀಟರ್ ಏರಿದರೆ ನೀರಿನಂಚು ಇಪ್ಪತ್ತು ಮೀಟರ್ ಒಳಗೆ ಬಂದಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಗಡಿಯಾರದ ಗಂಟೆಯನ್ನು ನಂಬುವಂತಿಲ್ಲ, ಕೋಷ್ಟಕ ನೋಡಿಯೇ ಹೊರಡಬೇಕು. ಶಿರಸಿ ಕಡೆಯ ಸೊಪ್ಪಿನ ಬೆಟ್ಟಗಳಿಗೂ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗೂ, ಇದೇ ಮಾತು. ಫೆಬ್ರುವರಿಯಲ್ಲಿ ಎಲೆ ಉದುರಿದ ಬೆಟ್ಟವನ್ನು ಅಕ್ಟೋಬರಿನ ಹಸುರಿಗೆ ಹೋಲಿಸಿದರೆ ಕಾಡು ನಾಶವಾದಂತೆಯೇ ಕಾಣುತ್ತದೆ.

ಮೊದಲ ವರ್ಷಕ್ಕೆ ಹತ್ತು ಬಿಂದು ಸಾಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳು ಬಿಡಬಾರದವು. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರನ್ನು ಗಂಗಾವಳಿಯ ಆಚೆ ದಡದಿಂದ ತೆಗೆಯಬೇಕು. ಕಡಿದ ಗುಡ್ಡದ ಮುಖ ಪೂರ್ತಿ ಕಾಣುವುದು ಅಲ್ಲಿಂದಲೇ. ಹೆದ್ದಾರಿಗೆಂದು ಗುಡ್ಡ ಕಡಿದ ಉಳಿದ ಕಡೆಗಳನ್ನೂ ಹೀಗೆಯೇ ನೋಡಬೇಕು. ಪ್ರತಿ ಚಿತ್ರದ ಜೊತೆ ದಿನಾಂಕ, ಗಂಟೆ, ದಿಕ್ಕು, ಕ್ಯಾಮೆರಾದ ಎತ್ತರ, ಲೆನ್ಸ್ ದಾಖಲಾಗಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ತರಿಸಿಕೊಂಡರೆ ಚಿತ್ರ ಕುಗ್ಗುವುದಷ್ಟೇ ಅಲ್ಲ, ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಟ್ಟ ದಿನಾಂಕ, ಗಂಟೆ, ಲೆನ್ಸಿನ ವಿವರವೂ ಅಳಿಸಿಹೋಗುತ್ತದೆ. ಮೂಲ ಫೈಲನ್ನೇ ಪಡೆಯಲು ಹೇಳಿ.

ಹೊಸ ಚಿತ್ರಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಹಳೆಯ ಸ್ಟುಡಿಯೋಗಳಲ್ಲಿ, ಕಚೇರಿ ಕಪಾಟುಗಳಲ್ಲಿ ಇರುವ ಪ್ರಿಂಟು, ನೆಗೆಟಿವ್‌ಗಳಿಗೆ ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತದೆ. ಚಿತ್ರ ಕೂತಿರುವುದು ಜೆಲಾಟಿನ್ ಪದರದಲ್ಲಿ, ಬೂಷ್ಟಿಗೆ ಅದೇ ಆಹಾರ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಕಿತ್ತು ಬರುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಪ್ರಿಂಟನ್ನು ಎಳೆಯಲೇಬಾರದು, ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು. ಅಂಚೆಕಾರ್ಡಿನ ಅಳತೆಯ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), 35 ಮಿಲಿಮೀಟರ್ ನೆಗೆಟಿವಿಗೆ 3200, ಉಳಿಸುವುದು ಗುಣಮಟ್ಟ ಕುಗ್ಗಿಸದ ಟಿಫ್ ಫೈಲಾಗಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಊರು, ಇಸವಿ ಬರೆದಿರುವುದು ಅಲ್ಲಿಯೇ.

ಕಂಬಗಳ ಮೊದಲ ಚಿತ್ರ ಈ ಮೇ ಕೊನೆಯೊಳಗೆ, ಎರಡನೆಯದು ಅಕ್ಟೋಬರಿನಲ್ಲಿ ಆಗುವಂತೆ ಆದೇಶ ಮಾಡಿ. ಜಾಗ ಹುಡುಕಲು, ಅಳೆಯಲು, ಸಿಬ್ಬಂದಿಗೆ ಕಲಿಸಲು ನಾವು ಬರುತ್ತೇವೆ. ಅಲ್ಲಿಯವರೆಗೆ ಯಾವ ಇಲಾಖೆಯೂ ಹಳೆಯ ಆಲ್ಬಮ್‌ಗಳನ್ನು ರದ್ದಿಗೆ ಹಾಕದಂತೆ ಒಂದು ಸುತ್ತೋಲೆ ಹೊರಡಿಸಿ.

ತಮ್ಮ ವಿಶ್ವಾಸಿಗಳು,
ಜಿಲ್ಲೆಯ ಛಾಯಾಗ್ರಾಹಕರು