ಮಗಳಿಗೊಂದು ಪತ್ರ: ಮಿಠಾಗರ ಮತ್ತು ಹತ್ತಕ್ಕೆ ಹತ್ತು

ವಸಾಯಿ, ಮಂಗಳವಾರ ರಾತ್ರಿ

ಪ್ರೀತಿಯ ಮಗಳೇ,

ರಾತ್ರಿ ನಾನು ಲೋಕಲ್ ಇಳಿದು ಮನೆ ಸೇರುವಷ್ಟರಲ್ಲಿ ನೀನು ಮಲಗಿರುತ್ತೀಯೆ. ಬೆಳಿಗ್ಗೆ ನಾನು ಏಳುವ ಮೊದಲೇ ಶಾಲೆಗೆ ಹೊರಟಿರುತ್ತೀಯೆ. ಆದ್ದರಿಂದ ಹೇಳಬೇಕಾದುದನ್ನು ಬರೆದು ನಿನ್ನ ಮರಾಠಿ ಪುಸ್ತಕದೊಳಗೆ ಇಡುತ್ತಿದ್ದೇನೆ.

ಮಿಠಾಗರದ ಕುರಿತ ಉತಾರೆಯ, ಅಂದರೆ ಓದಿ ಉತ್ತರಿಸಲು ಕೊಟ್ಟ ಗದ್ಯಭಾಗದ, ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬರೆದು ನೀನು ಹತ್ತಕ್ಕೆ ಹತ್ತು ತಂದೆ. ಆದರೆ ಮಿಠಾಗರವೆಂದರೇನು ಎಂದು ಭಾನುವಾರ ಕೇಳಿದಾಗ, 'ಮಿಠಾಯಿ ಮಾಡುವ ಜಾಗ ಇರಬೇಕು ಅಪ್ಪಾ' ಎಂದೆ. ಮನೆಯಲ್ಲಿ ನಾವು ಉಪ್ಪು ಎನ್ನುತ್ತೇವೆ, ಗೆಳತಿಯರೊಡನೆ ನೀನು ಆಡುವುದು ಹಿಂದಿ. ಮರಾಠಿಯ 'ಮೀಠ' ಎಂದರೆ ಉಪ್ಪು, ಮಿಠಾಗರವೆಂದರೆ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಗದ್ದೆ; ಹಿಂದಿಯ 'ಮೀಠಾ' ಮಾತ್ರ ಸಿಹಿ. ಹೀಗಿರುವಾಗ 'ಮೀಠ' ನಿನಗೆ ಸಿಹಿಯಾದುದರಲ್ಲಿ ತಪ್ಪೇನಿಲ್ಲ. ನನ್ನನ್ನು ಕಾಡಿದ್ದು, ಅಷ್ಟೂ ಉತ್ತರಗಳು ಅದು ಹೇಗೆ ಸರಿಯಾದವು ಎಂಬುದು.

ಈ ವಾಕ್ಯವನ್ನು ಓದು: 'ತೊರಳಿಗೆ ಹೆದರಿದ ಜಬ್ಬೆಗಳು ಗಿಮುಕೆಯಲ್ಲಿ ಲಟುಕಿದವು.' ಜಬ್ಬೆಗಳು ಎಲ್ಲಿ ಲಟುಕಿದವು? ಗಿಮುಕೆಯಲ್ಲಿ. ಏಕೆ? ತೊರಳಿಗೆ ಹೆದರಿದ್ದರಿಂದ. ಪೂರ್ಣ ಅಂಕ! ಆ ಶಬ್ದಗಳನ್ನು ನಾನು ಈಗಷ್ಟೇ ಹುಟ್ಟಿಸಿದೆ. ಅವುಗಳಿಗೆ ಅರ್ಥವೇ ಇಲ್ಲ. 'ಎಲ್ಲಿ' ಎಂದರೆ 'ಅಲ್ಲಿ' ಪ್ರತ್ಯಯವನ್ನು ಹುಡುಕುವುದು, 'ಏಕೆ' ಎಂದರೆ 'ಆದ್ದರಿಂದ' ಇರುವ ಸಾಲನ್ನು ನಕಲಿಸುವುದು: ಕೆಲಸವೆಲ್ಲ ವಿಭಕ್ತಿಯದು, ಅಂಕ ಮಾತ್ರ ನಮ್ಮದು. ಈ ಜಾಣತನ ನಿನಗೆ ಬಂದದ್ದು ನನ್ನಿಂದಲೇ ಇರಬಹುದು. ನಾನೂ ಇಂಗ್ಲಿಷ್ ಪ್ರಶ್ನೆಪತ್ರಿಕೆಗಳಲ್ಲಿ ಹೀಗೆಯೇ ತೇರ್ಗಡೆಯಾದವನು, ಮತ್ತು ಕಚೇರಿಯ ಸುತ್ತೋಲೆಗಳಿಗೆ ಇಂದಿಗೂ ಕೆಲವೊಮ್ಮೆ ಹೀಗೆಯೇ ಉತ್ತರ ಬರೆಯುತ್ತೇನೆ.

ಕೊನೆಯಲ್ಲಿ ಉಳಿದ ಕಹಿ ನೀರನ್ನು ಹೊರಬಿಡುತ್ತಾರೆ ಎಂದು ನೀನು ಬರೆದಿದ್ದೀಯೆ. ಸಮುದ್ರದ ನೀರು ಉಪ್ಪಲ್ಲವೇ, ಕಹಿ ಎಲ್ಲಿಂದ ಬಂತು ಎಂದು ನಿನಗೆ ಅನಿಸಲಿಲ್ಲವೇ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಆದರೆ ಅದೆಲ್ಲವೂ ನಾವು ಉಣ್ಣುವ ಉಪ್ಪಲ್ಲ. ಭರತದ ನೀರನ್ನು ಗದ್ದೆಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ ನೀರು ಆರುತ್ತ ಹೋಗಿ ನಮ್ಮ ಉಪ್ಪು ಹರಳುಗಟ್ಟುತ್ತದೆ. ಸುಲಭವಾಗಿ ಹರಳುಗಟ್ಟದ ಮೆಗ್ನೀಸಿಯಮ್ ಲವಣಗಳು ಉಳಿದ ನೀರಿನಲ್ಲೇ ಇರುತ್ತವೆ. ಕಹಿ ಅವುಗಳದು. ಅದೂ ಅಲ್ಲೇ ಬತ್ತಿದರೆ ಉಪ್ಪೂ ಕಹಿಯಾಗುತ್ತದೆ. ಇಷ್ಟು ತಿಳಿದವಳು, ಉತಾರೆಯಲ್ಲಿ ಇಲ್ಲದ ಪ್ರಶ್ನೆಗೂ ಉತ್ತರ ಹೇಳಬಲ್ಲಳು: ಮಾರ್ಚ್ ತಿಂಗಳಲ್ಲಿ ಅಕಾಲದ ಮಳೆ ಬಂದರೆ ಆ ಗದ್ದೆಗಳ ಗತಿಯೇನು? ಭಾನುವಾರ ಇದನ್ನು ಕೇಳಿದಾಗ ನೀನು ಪುಟ ತಿರುವಿ ಹುಡುಕತೊಡಗಿದೆ. ನನಗೆ ನಗುವೂ ಬಂತು, ಸಂಕಟವೂ ಆಯಿತು.

ಭಾಯಂದರದ ಕಡೆ ರೈಲಿನ ಕಿಟಕಿಯಿಂದ ನೀನು ಎಷ್ಟೋ ಸಲ ನೋಡಿದ ಬಿಳಿ ರಾಶಿಗಳು ಇಂಥ ಗದ್ದೆಗಳ ಉಪ್ಪೇ. ನಿನ್ನ ಅಜ್ಜಿ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರವನ್ನು ನೋಡುತ್ತ ಬೆಳೆದವರು; ಅವರ 'ಆಗರ'ವೂ ನಿನ್ನ ಮಿಠಾಗರದ 'ಆಗರ'ವೂ ಒಂದೇ ಶಬ್ದ. ನಾಳೆ ಅವರಿಗೆ ಫೋನ್ ಮಾಡಿ ಮಳೆಯ ವಿಷಯ ನೀನೇ ವಿವರಿಸು. ಅವರು ನಡುನಡುವೆ ಅಡ್ಡಪ್ರಶ್ನೆ ಹಾಕುತ್ತಾರೆ, ಬಿಡುವವರಲ್ಲ. ಪುಸ್ತಕ ಮಾತ್ರ ಚೀಲದಲ್ಲೇ ಇರಲಿ.

ನಿನ್ನ ಅಪ್ಪ