ಮೂರು ವಾರಕ್ಕೇ ಬಿಟ್ಟವರು

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೂಗಾಡಿದ್ದು ನನ್ನದೇ ತಪ್ಪು. ಲಾ ಕಾಲೇಜು ಸೇರಿ ತಿಂಗಳು ತುಂಬುವ ಮೊದಲೇ 'ಬಿಟ್ಟುಬಿಟ್ಟೆ' ಅಂದರೆ ಯಾವ ಅಪ್ಪನಿಗೆ ತಲೆ ಕೆಡಲ್ಲ ಹೇಳು. ನಿಮ್ಮಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮನೆ ತಣ್ಣಗಿತ್ತಲ್ಲ, ಆಗ ಅಮೆರಿಕನ್ ಫುಟ್‌ಬಾಲ್ ಆಟಗಾರ ಅಲನ್ ಪೇಜ್ ನೆನಪಾದರು.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಅಕ್ಟೋಬರ್ ಚಳಿಯಲ್ಲಿ ಮಿನಿಯಾಪೊಲಿಸ್ ಮ್ಯಾರಥಾನ್ ನೋಡಲು ನಿಂತಿದ್ದೆವು. ಪಕ್ಕದಲ್ಲೇ ಆಜಾನುಬಾಹು ಮನುಷ್ಯರೊಬ್ಬರು ಹೆಬ್ಬಾವಿನಂಥ ಸೂಸಾಫೋನನ್ನು ಮೈಗೆ ಸುತ್ತಿಕೊಂಡು ಓಟಗಾರರಿಗೋಸ್ಕರ ಊದುತ್ತಿದ್ದರು. ಅವರೇ ಪೇಜ್. ನಿನ್ನ ಕಣ್ಣು ವಾದ್ಯದ ಮೇಲಿರಲಿಲ್ಲ. 'ಅಪ್ಪಾ, ಆ ತಾತನ ಕಿರುಬೆರಳು ಯಾಕೆ ಹಾಗಿದೆ?' ಅಂದೆ. ಮೂಲೆಮಟ್ಟ ಇಟ್ಟು ಬಗ್ಗಿಸಿದ ಹಾಗೆ ಆ ಒಂದು ಬೆರಳು ಹೊರಕ್ಕೆ ಚಾಚಿತ್ತು. ಫುಟ್‌ಬಾಲ್‌ನಲ್ಲಿ ಕೀಲು ತಪ್ಪಿ ತಪ್ಪಿ ಹಾಗೆಯೇ ಉಳಿದುಹೋದ ಬೆರಳು. ಮಿನಿಸೋಟ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದ ಕೈಯೂ ಅವರದೇ ಅಂದರೆ ನೀನು ನಂಬಲಿಲ್ಲ.

ಕಬಡ್ಡಿಯಲ್ಲಿ ರೈಡರ್‌ಗೆ ಚಪ್ಪಾಳೆ, ಹಿಡಿದವರ ಹೆಸರು ಯಾರಿಗೂ ಬೇಡ. ಅಮೆರಿಕನ್ ಫುಟ್‌ಬಾಲ್‌ನಲ್ಲೂ ಅಷ್ಟೇ. ಪೇಜ್ ಮಿನಿಸೋಟದ ವೈಕಿಂಗ್ಸ್ ತಂಡದ ಡಿಫೆನ್ಸಿವ್ ಟ್ಯಾಕಲ್, ಅಂದರೆ ಎದುರಾಳಿಗಳನ್ನು ತಡೆಯುವ ಮುಂಸಾಲಿನವರು. ನೆಲಕ್ಕೆ ಕೈಯೂರಿ ಬಗ್ಗಿ ಕೂತವರು ಚೆಂಡು ಅಲುಗಿದ್ದೇ ತಡ ಎದುರಿನ ಗೋಡೆಯೊಳಗೆ ನುಗ್ಗಿರುತ್ತಿದ್ದರು. 1971ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಅಂತ ಎಪಿ ಸುದ್ದಿಸಂಸ್ಥೆಯ ಪ್ರಶಸ್ತಿ ಬಂತು. ಅದಕ್ಕೂ ಮೊದಲು ಡಿಫೆನ್ಸ್‌ನವರಿಗೆ ಅದು ಸಿಕ್ಕಿದ್ದೇ ಇಲ್ಲ. ಆಮೇಲೆ ಸಿಕ್ಕಿದ್ದು ಒಬ್ಬರಿಗೇ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ. ಲೀಗ್‌ನ ಫೈನಲ್ ಪಂದ್ಯ ಸೂಪರ್ ಬೌಲ್‌ಗೆ ಮಾತ್ರ ನಾಲ್ಕು ಸಲ ಹೋಗಿ ನಾಲ್ಕೂ ಸೋತರು. ನನ್ನ ಆಫೀಸಿನ ಹಳಬರ ಮುಂದೆ ಇವತ್ತಿಗೂ ಆ ಮಾತೆತ್ತುವ ಹಾಗಿಲ್ಲ.

ಈಗ ನಿನಗೆ ಹೇಳಬೇಕಾದದ್ದು. ಆಟ ಶುರುಮಾಡಿದ ಹೊಸತರಲ್ಲಿ ಪೇಜ್ ಕೂಡ ಲಾ ಕಾಲೇಜಿಗೆ ಸೇರಿದ್ದರು. ಮೂರು ವಾರಕ್ಕೇ ಬಿಟ್ಟರು! ನಿನಗಿಂತ ಬೇಗ. ಮತ್ತೆ ಆ ಕಡೆ ಹೋದದ್ದು 1975ರಲ್ಲಿ, ಮಿನಿಸೋಟ ವಿಶ್ವವಿದ್ಯಾಲಯಕ್ಕೆ. ಆಡುತ್ತಲೇ ಓದಿ 1978ರಲ್ಲಿ ಪದವಿ ಪಡೆದರು.

ಅದೇ ವರ್ಷ ತಂಡ ಅವರನ್ನು ಕೈಬಿಟ್ಟಿತು. ಹೆಂಡತಿ ಸಿಗರೇಟು ಬಿಡಲು ಓಡಲು ಶುರುಮಾಡಿದರು, ಇವರೂ ಜೊತೆಗೆ ಓಡಿದರು, ಓಡಿ ಓಡಿ ತೂಕ ಇಳಿಯಿತು. ಕೋಚ್‌ಗೆ ಅದು ಹಿಡಿಸಲಿಲ್ಲ. ಶಿಕಾಗೊ ಬೇರ್ಸ್ ತಂಡ ಬರೀ 100 ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡಿತು. ಮೈ ಇಳಿದವರು ಅಲ್ಲಿ 1981ರವರೆಗೆ ಆಡಿದರು, ನಡುವೆ ಮ್ಯಾರಥಾನನ್ನೂ ಓಡಿ ಮುಗಿಸಿದರು. ಕೋಚ್‌ನ ಲೆಕ್ಕ ತಪ್ಪಿತ್ತು ಅಂತಲೇ ನನ್ನ ಅಭಿಪ್ರಾಯ.

ಮಿನಿಸೋಟದಲ್ಲಿ ನ್ಯಾಯಮೂರ್ತಿಗಳನ್ನೂ ಜನ ಮತ ಹಾಕಿ ಆರಿಸುತ್ತಾರೆ. 1992ರಲ್ಲಿ ಸುಪ್ರೀಂ ಕೋರ್ಟಿಗೆ ಸ್ಪರ್ಧಿಸಲು ಹೊರಟರೆ ಗವರ್ನರ್ ಹಾಲಿ ನ್ಯಾಯಮೂರ್ತಿಯ ಅವಧಿಯನ್ನೇ ವಿಸ್ತರಿಸಿಬಿಟ್ಟರು. ಪೇಜ್ ಚುನಾವಣೆ ನಡೆಯಲೇಬೇಕು ಅಂತ ದಾವೆ ಹೂಡಿ ಗೆದ್ದರು, ಆಮೇಲೆ ಚುನಾವಣೆಯನ್ನೂ ಗೆದ್ದರು. ಆ ಪೀಠ ಏರಿದ ಮೊದಲ ಆಫ್ರಿಕನ್ ಅಮೆರಿಕನ್. ಎಪ್ಪತ್ತಕ್ಕೆ ನಿವೃತ್ತಿ ಕಡ್ಡಾಯ, ಹಾಗಾಗಿ 2015ರವರೆಗೆ ಇದ್ದರು.

ನನಗೆ ಇಷ್ಟವಾದದ್ದು ಇನ್ನೊಂದು. ಅವರು ಹುಟ್ಟಿದ್ದು ಒಹಾಯೊದ ಕ್ಯಾಂಟನ್‌ನಲ್ಲಿ. ದೊಡ್ಡ ಆಟಗಾರರನ್ನು ಗೌರವಿಸುವ ಫುಟ್‌ಬಾಲ್ ಹಾಲ್ ಆಫ್ ಫೇಮ್ ಅನ್ನು ಅಲ್ಲಿ ಕಟ್ಟುವಾಗ ಈ ಹುಡುಗ ಅಲ್ಲೇ ಕೂಲಿ ಕೆಲಸ ಮಾಡಿದ್ದ. 1988ರಲ್ಲಿ ಅದೇ ಕಟ್ಟಡ ಅವರನ್ನು ಒಳಗೆ ಕರೆಯಿತು. ಪರಿಚಯಿಸಲು ಅವರು ಕರೆತಂದದ್ದು ಕೋಚನ್ನಲ್ಲ, ಮಿನಿಯಾಪೊಲಿಸ್‌ನ ಒಬ್ಬ ಶಾಲಾ ಪ್ರಿನ್ಸಿಪಾಲರನ್ನು. ಭಾಷಣವೂ ಮಕ್ಕಳ ಓದಿನ ಬಗ್ಗೆಯೇ.

ಮತ್ತೆ ಲಾಗೆ ಹೋಗು ಅಂತ ಇಷ್ಟೆಲ್ಲ ಬರೆಯುತ್ತಿಲ್ಲ. ಸುಳ್ಳು, ಸ್ವಲ್ಪ ಅದೇ ಆಸೆ. ಆದರೆ ಈ ವಾರ ಅಲ್ಲ. ನಿನ್ನ ರೂಮಿನ ಹೀಟರ್ ಸರಿಮಾಡಿಸಿದ್ದೇನೆ. ಶುಕ್ರವಾರ ಬಸ್ಸು ಎಷ್ಟಕ್ಕೆ ಬರುತ್ತೆ ಅಂತ ನಿಮ್ಮಮ್ಮನಿಗೆ ಮೆಸೇಜ್ ಹಾಕು, ನನಗೆ ಅವಳು ಹೇಳುತ್ತಾಳೆ.

ಅಪ್ಪ