ಜಗಳವಾಡದೆ ಬಿಟ್ಟ ಮಾತು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರದ ಕೊನೆಯ ಸಾಲು ನನ್ನನ್ನು ಕೆಣಕಿದೆ. ಯುದ್ಧ, ಭಯೋತ್ಪಾದನೆಯ ವಿಷಯ ಬಂದರೆ ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳೆಲ್ಲ ಒಂದೇ, ಚರ್ಚೆಯಲ್ಲಿ ಕಚ್ಚಾಡಿ ಗೆದ್ದ ಮೇಲೆ ಬಾಂಬು ಹಾಕುತ್ತಾರೆ, ಇನ್ನು ಅದನ್ನು ಕೇಳುತ್ತಾ ಕೂರುವುದೇಕೆ ಎಂದು ಬರೆದಿದ್ದೀಯ. ಅಲ್ಲಿ ಮತ ಹಾಕುವವನು ನೀನು. ಬೆಂಗಳೂರಿನಲ್ಲಿ ಕುಳಿತು ನಾನು ನಿನಗೆ ಬುದ್ಧಿ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಈ ಮಾತನ್ನು ಸುಮ್ಮನೆ ಬಿಟ್ಟುಕೊಡಲಾರೆ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಒಬಾಮಾ ಮತ್ತು ರಿಪಬ್ಲಿಕನ್ ಪಕ್ಷದ ಮೆಕೇನ್ ಅವರ ಮೊದಲ ಚರ್ಚೆಯನ್ನೇ ತೆಗೆದುಕೊಂಡು ವಾದ ಮಾಡುತ್ತೇನೆ, ಕೇಳು.

ಅದು 2008ರ ಸೆಪ್ಟೆಂಬರ್ 26, ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನಲ್ಲಿ. ನಮಗೆ ಇಲ್ಲಿ ಮರುದಿನ ಶನಿವಾರ ಬೆಳಗಿನ ಆರೂವರೆ. ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಮುಳುಗಿ ಎರಡು ವಾರವೂ ಆಗಿರಲಿಲ್ಲ. ವಿದೇಶಾಂಗ ನೀತಿಗೆಂದೇ ಗೊತ್ತುಮಾಡಿದ್ದ ಚರ್ಚೆಯ ಮೊದಲ ಭಾಗವನ್ನು ಬ್ಯಾಂಕುಗಳ ಗೋಳೇ ನುಂಗಿಹಾಕಿತು. ಆಮೇಲೆ ಇರಾಕ್ ಬಂತು. ನಿರೂಪಕ ಜಿಮ್ ಲೆಹ್ರರ್ ಇಬ್ಬರನ್ನೂ ಪರಸ್ಪರ ಮಾತನಾಡಿ ಎಂದು ಎಷ್ಟು ಪುಸಲಾಯಿಸಿದರೂ ಮೆಕೇನ್ ಮಾತ್ರ ಎದುರಾಳಿಯ ಕಡೆ ಮುಖ ತಿರುಗಿಸಲೇ ಇಲ್ಲ. ಆ ಮೊಂಡುತನ ನನಗಂತೂ ಹಿಡಿಸಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಸಿಕ್ಕಿಬಿದ್ದು ಹನೋಯ್‌ನ ಸೆರೆಯಲ್ಲಿ ಐದೂವರೆ ವರ್ಷ ಚಿತ್ರಹಿಂಸೆ ಅನುಭವಿಸಿ ಬಂದ ಮನುಷ್ಯನ ಬಗ್ಗೆ ನನಗೆ ಗೌರವವಿತ್ತು, ಈಗಲೂ ಇದೆ. ಅಂಥವರಿಗೆ ಇದು ಬೇಕಿರಲಿಲ್ಲ.

ಇರಾಕ್ ಬಗ್ಗೆ ಅವರಿಬ್ಬರು ಜಗಳವಾಡಿದ್ದು ವಾಸ್ತವವಾಗಿ ಇಸವಿಯ ಬಗ್ಗೆ. ಮೆಕೇನ್‌ಗೆ ಕಥೆ ಶುರುವಾಗುವುದೇ 2007ರಲ್ಲಿ. ಬುಷ್ ಹೆಚ್ಚುವರಿ ಪಡೆ ಕಳುಹಿಸಿದ್ದು, ಜನರಲ್ ಪೆಟ್ರೇಯಸ್ ಅದನ್ನು ಮುನ್ನಡೆಸಿದ್ದು, ರಕ್ತಪಾತ ಇಳಿದದ್ದು ಎಲ್ಲ ಆ ವರ್ಷದ ಮಾತು. ಅದನ್ನು ವಿರೋಧಿಸಿದ ನಿಮಗೆ ಯುದ್ಧತಂತ್ರ ಗೊತ್ತಿಲ್ಲ ಎಂಬುದು ಅವರ ವಾದ. ಯುದ್ಧ ಶುರುವಾದದ್ದೇ 2007ರಲ್ಲಿ ಎಂಬಂತೆ ನಟಿಸುತ್ತೀರಿ ಎಂದು ಒಬಾಮಾ ಚುಚ್ಚಿದರು. ಸಮೂಹನಾಶಕ ಅಸ್ತ್ರಗಳು ಎಲ್ಲಿವೆಯೆಂದು ಗೊತ್ತು ಎಂದಿರಿ, ನಮ್ಮನ್ನು ವಿಮೋಚಕರೆಂದು ಬರಮಾಡಿಕೊಳ್ಳುತ್ತಾರೆ ಎಂದಿರಿ, ಶಿಯಾ–ಸುನ್ನಿಗಳ ನಡುವೆ ಹಿಂಸೆಯ ಇತಿಹಾಸವೇ ಇಲ್ಲ ಎಂದಿರಿ. ಒಂದೊಂದಕ್ಕೂ ‘ನಿಮ್ಮ ಮಾತು ತಪ್ಪಾಗಿತ್ತು’ ಎಂದು ಮೊಳೆ ಹೊಡೆದರು. 2002ರಲ್ಲಿ, ಇನ್ನೂ ರಾಜ್ಯ ಮಟ್ಟದ ಸೆನೆಟರ್ ಆಗಿದ್ದಾಗಲೇ, ಷಿಕಾಗೋದ ಸಭೆಯಲ್ಲಿ ಈ ಯುದ್ಧವನ್ನು ವಿರೋಧಿಸಿದ್ದವರು ಅವರು. ಹಾಗಾಗಿ ಆ ಮಾತಿಗೆ ತೂಕವಿತ್ತು. ನನ್ನನ್ನು ಕೇಳಿದರೆ, ತಂತಮ್ಮ ಇಸವಿಯ ಮಟ್ಟಿಗೆ ಇಬ್ಬರೂ ಸರಿ. ಹೆಚ್ಚುವರಿ ಪಡೆ ನಿರೀಕ್ಷೆಗೂ ಮೀರಿ ಫಲ ಕೊಟ್ಟಿತೆಂದು ಒಬಾಮಾ ಅದೇ ತಿಂಗಳ ಮೊದಲ ವಾರ ಟಿವಿ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದರು. ಸುನ್ನಿ ಬುಡಕಟ್ಟುಗಳು ಅಲ್ ಖೈದಾಕ್ಕೆ ತಿರುಗಿಬಿದ್ದದ್ದು, ಶಿಯಾ ನಾಯಕ ಮುಕ್ತದಾ ಸದ್ರ್ ತನ್ನ ಪಡೆಗೆ ಕದನವಿರಾಮ ಘೋಷಿಸಿದ್ದು ಕೂಡ ಆ ಶಾಂತಿಗೆ ಕಾರಣ ಎಂಬುದನ್ನು ಮೆಕೇನ್ ಮಾತ್ರ ಬಾಯ್ತುಂಬ ಹೇಳಲಿಲ್ಲ.

ಅಂದಿನ ಒಂದು ಪ್ರಸಂಗವನ್ನು ನಾನು ಮರೆತಿಲ್ಲ. ಮೆಕೇನ್ ತಮ್ಮ ಕೈಯಲ್ಲಿದ್ದ ಬಳೆಯ ಕಥೆ ಹೇಳಿದರು. ನ್ಯೂ ಹ್ಯಾಂಪ್‌ಷೈರ್‌ನ ಒಂದು ಸಭೆಯಲ್ಲಿ, ಬಾಗ್ದಾದ್‌ನ ಹೊರಗೆ ಸತ್ತ 22 ವರ್ಷದ ಸೈನಿಕನ ತಾಯಿ ಎದ್ದುನಿಂತು, ಮಗನ ಹೆಸರಿದ್ದ ಆ ಬಳೆಯನ್ನು ತೊಡುವಂತೆ ಕೇಳಿಕೊಂಡಿದ್ದರಂತೆ. ನನ್ನ ಮಗನ ಸಾವು ವ್ಯರ್ಥವಾಗದಂತೆ ನೋಡಿಕೊಳ್ಳಿ ಎಂಬುದು ಆಕೆಯ ಬೇಡಿಕೆ. ಒಬಾಮಾ ತಕ್ಷಣ, ನನ್ನ ಕೈಯಲ್ಲೂ ಒಂದು ಬಳೆಯಿದೆ ಎಂದರು. ಅದನ್ನು ಕೊಟ್ಟದ್ದು ಗ್ರೀನ್ ಬೇಯಲ್ಲಿ ಸಿಕ್ಕಿದ ಇನ್ನೊಬ್ಬ ತಾಯಿ. ನನ್ನ ಪಾಡು ಇನ್ನೊಬ್ಬ ತಾಯಿಗೆ ಬಾರದಂತೆ ನೋಡಿಕೊಳ್ಳಿ ಎಂಬುದು ಆಕೆಯ ಬೇಡಿಕೆ. ರಾಜಕಾರಣಿಗಳು ಸತ್ತವರ ಹೆಸರನ್ನು ವೇದಿಕೆಗೆ ತಂದರೆ ನನಗೆ ಮೈ ಉರಿಯುತ್ತದೆ, ಅದು ನಿನಗೂ ಗೊತ್ತು. ಆದರೆ ಆ ಇಬ್ಬರು ತಾಯಂದಿರ ಬೇಡಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡು. ಒಬ್ಬರ ಮಾತು ನಡೆಸಿಕೊಡಬೇಕಾದರೆ ಗೆಲ್ಲುವ ತನಕ ಯುದ್ಧ ಮುಂದುವರಿಯಬೇಕು, ಇನ್ನೊಬ್ಬರ ಮಾತು ನಡೆಸಿಕೊಡಬೇಕಾದರೆ ನಿಲ್ಲಬೇಕು. ಇದನ್ನೂ ಎಲ್ಲ ಒಂದೇ ಎನ್ನುತ್ತೀಯಾ?

ಇನ್ನು ಪಾಕಿಸ್ತಾನ. ಇಲ್ಲಿ ಟಿವಿಯ ಮುಂದಿದ್ದ ನಾವೆಲ್ಲ ಕಿವಿ ನಿಮಿರಿಸಿದ್ದು ಆಗಲೇ. ಆ ಜುಲೈ 25ರಂದು ಮಡಿವಾಳ, ಆಡುಗೋಡಿಗಳಲ್ಲಿ ಬಾಂಬು ಸಿಡಿದು ನಮ್ಮೂರು ಇನ್ನೂ ಬೆಚ್ಚಿತ್ತು. 2007ರ ಆಗಸ್ಟ್‌ನಲ್ಲಿ ಒಬಾಮಾ ಒಂದು ಮಾತು ಆಡಿದ್ದರು: ದೊಡ್ಡ ಭಯೋತ್ಪಾದಕ ನಾಯಕರ ಖಚಿತ ಸುಳಿವು ಸಿಕ್ಕಿ, ಪಾಕಿಸ್ತಾನದ ಅಂದಿನ ಅಧ್ಯಕ್ಷ ಮುಷರಫ್ ಕೈಕಟ್ಟಿ ಕುಳಿತರೆ, ನಾವೇ ದಾಳಿ ಮಾಡುತ್ತೇವೆ. ಮೆಕೇನ್ ಆಕ್ಸ್‌ಫರ್ಡ್‌ನಲ್ಲಿ ಅದನ್ನೇ ಹಿಡಿದು ಝಾಡಿಸಿದರು. ಮಾಡಬೇಕಾದದ್ದನ್ನು ಮಾಡಬೇಕು, ಪಾಕಿಸ್ತಾನ ಸರಕಾರದ ಜೊತೆ ಕೂಡಿ ಕೆಲಸ ಮಾಡಬೇಕು, ಬಹಿರಂಗವಾಗಿ ಹೇಳಬಾರದು ಎಂದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ನೀತಿ. (ಹೀಗೆ ಅನುಭವದ ಪಾಠ ಹೇಳುತ್ತಲೇ ಪಾಕಿಸ್ತಾನದ ಹೊಸ ಅಧ್ಯಕ್ಷ ಜರ್ದಾರಿಯ ಹೆಸರನ್ನು ಅವರು ತಪ್ಪಾಗಿ ಹೇಳಿದರು!) ಇರಾನ್ ಮೇಲೆ ಬಾಂಬು ಹಾಕುವ ಹಾಡು ಹಾಡಿದವರು ನನಗೆ ಎಚ್ಚರಿಕೆಯ ಪಾಠ ಹೇಳುವುದೇ ಎಂದು ಒಬಾಮಾ ತಿರುಗೇಟು ಕೊಟ್ಟರು. ಮೆಕೇನ್ ಹಾಗೆ ಹಾಡಿದ್ದು ನಿಜವೇ.

ಆದರೆ ಆ ಚರ್ಚೆಗೆ ಮೂರು ವಾರ ಮೊದಲೇ, ಸೆಪ್ಟೆಂಬರ್ 3ರಂದು, ಬುಷ್ ಸರಕಾರದ ಕಮಾಂಡೊಗಳು ದಕ್ಷಿಣ ವಜೀರಿಸ್ತಾನದ ಅಂಗೂರ್ ಅಡ್ಡಾ ಎಂಬ ಹಳ್ಳಿಗೆ ನುಗ್ಗಿ ದಾಳಿ ಮಾಡಿ ಹೋಗಿದ್ದರು. ಅಂದರೆ ಗಡಿ ದಾಟಬೇಕೋ ಬೇಡವೋ ಎಂಬುದು ಆಗಲೇ ತೀರ್ಮಾನವಾಗಿತ್ತು. ಜಗಳವೆಲ್ಲ ಅದನ್ನು ಬಾಯಿಬಿಟ್ಟು ಹೇಳಬೇಕೋ ಬೇಡವೋ ಎಂಬುದರ ಬಗ್ಗೆ. ನಾನು ಇಲ್ಲಿ ಒಬಾಮಾ ಪಕ್ಷ. ಮಾಡುವುದನ್ನು ಹೇಳಿ ಮತ ಕೇಳುವುದೇ ಮರ್ಯಾದೆ. 2011ರ ಮೇ ತಿಂಗಳಲ್ಲಿ ಪಾಕಿಸ್ತಾನದ ಅಬೋಟಾಬಾದ್‌ಗೆ ನುಗ್ಗಿ ಬಿನ್ ಲಾಡೆನ್‌ನನ್ನು ಕೊಂದದ್ದು, ಅವರು ನಾಲ್ಕು ವರ್ಷ ಹಿಂದೆ ಹೇಳಿದ್ದೇ. ಅಂದಮೇಲೆ ಹೇಳುವುದೊಂದು ಮಾಡುವುದೊಂದು ಎಂಬ ನಿನ್ನ ದೂರು ಇಲ್ಲಿ ನಿಲ್ಲುವುದಿಲ್ಲ.

ನಿನ್ನ ದೂರಿಗೆ ನಿಜವಾದ ಆಧಾರ ಇರುವುದು ಬೇರೆ ಕಡೆ. ಅವರಿಬ್ಬರೂ ಜಗಳವಾಡದೆ ಬಿಟ್ಟ ಕಡೆ.

ಅಫ್ಘಾನಿಸ್ತಾನವನ್ನೇ ನೋಡು. ಅಲ್ಲಿಗೆ ಇನ್ನೂ ಎರಡು ಮೂರು ಬ್ರಿಗೇಡ್ (ಒಂದೊಂದರಲ್ಲೂ ಸಾವಿರಾರು ಸೈನಿಕರು) ಬೇಕು ಎಂದು ಒಬಾಮಾ ಹೇಳಿದರು. ಮೆಕೇನ್ ಆ ಬೇಸಗೆಯಲ್ಲೇ ಮೂರು ಬ್ರಿಗೇಡ್ ಕೇಳಿದ್ದರು. ಅಷ್ಟು ಜನ ಹೋಗಿ ಏನು ಮಾಡಬೇಕು, ಯಾವಾಗ ಮರಳಬೇಕು ಎಂದು ಯಾರೂ ಯಾರನ್ನೂ ಇಕ್ಕಟ್ಟಿಗೆ ಸಿಲುಕಿಸಲಿಲ್ಲ. ಮುಂದೆ ಒಬಾಮಾ 2009ರ ಡಿಸೆಂಬರ್‌ನಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಒಮ್ಮೆಗೇ 30,000 ಮಂದಿಯನ್ನು ಕಳುಹಿಸುವುದಾಗಿ ಸಾರಿದರು. ಅಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ ಲಕ್ಷದ ಹತ್ತಿರ ಹೋಯಿತು. ಕೊನೆಯ ಸೈನಿಕ ಕಾಬೂಲ್ ಬಿಟ್ಟದ್ದು 2021ರ ಆಗಸ್ಟ್‌ನಲ್ಲಿ, ತಾಲಿಬಾನ್ ಊರೊಳಗೆ ಬಂದ ಮೇಲೆ. ಇರಾಕ್‌ನಿಂದ ಹೊರಡುವ ಗಡುವಿನ ಬಗ್ಗೆ ತಾಸುಗಟ್ಟಲೆ ಕಾದಾಡಿದವರ ಮುಂದೆಯೇ, 2008ರ ನವೆಂಬರ್‌ನಲ್ಲಿ ಬುಷ್ ಸರಕಾರ ಇರಾಕ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿ 2011ರ ಕೊನೆಯ ದಿನವನ್ನು ಗಡುವಾಗಿ ಬರೆದುಕೊಟ್ಟಿತು. ಗಂಟಲು ಹರಿದುಕೊಂಡ ವಿಷಯ ಸಹಿಯಲ್ಲಿ ಮುಗಿಯಿತು. ತುಟಿ ಪಿಟಕ್ಕೆನ್ನದ ವಿಷಯ ಇನ್ನೂ ಹದಿಮೂರು ವರ್ಷ ನಡೆಯಿತು.

ಭಯೋತ್ಪಾದನೆಯ ಶಂಕಿತರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದ ಗ್ವಾಂಟಾನಾಮೊ ಸೆರೆಮನೆ ಮುಚ್ಚಬೇಕೆಂಬುದಕ್ಕೂ ಇಬ್ಬರ ಒಪ್ಪಿಗೆಯಿತ್ತು. ಒಬಾಮಾ ಅಧಿಕಾರಕ್ಕೆ ಬಂದ ಎರಡನೇ ದಿನದ ಹೊತ್ತಿಗೇ ಆದೇಶವನ್ನೂ ಹೊರಡಿಸಿದರು. ಅವರು ಅಧಿಕಾರ ಬಿಟ್ಟು ಹೊರಟಾಗಲೂ ಅದು ತೆರೆದೇ ಇತ್ತು. ಡ್ರೋನ್‌ಗಳ ಮಾತಂತೂ ಆ ರಾತ್ರಿ ಚರ್ಚೆಗೇ ಬರಲಿಲ್ಲ. ಬುಷ್ ಕಾಲಕ್ಕಿಂತ ಎಷ್ಟೋ ಹೆಚ್ಚು ಡ್ರೋನ್ ದಾಳಿ ನಡೆದದ್ದು, ಯುದ್ಧ ವಿರೋಧಿ ಎಂದು ಗೆದ್ದು ಬಂದವರ ಕಾಲದಲ್ಲಿ.

ಇವೆಲ್ಲಕ್ಕೂ ಬೇರು 2001ರ ಸೆಪ್ಟೆಂಬರ್ 18ರಂದು ಬುಷ್ ಸಹಿ ಹಾಕಿದ ಒಂದು ಪುಟ್ಟ ಕಾನೂನು. ಸೆಪ್ಟೆಂಬರ್ 11ರ ದಾಳಿ ನಡೆಸಿದವರ, ಅವರಿಗೆ ಆಶ್ರಯ ಕೊಟ್ಟವರ ವಿರುದ್ಧ ಬಲಪ್ರಯೋಗಕ್ಕೆ ಅದು ಅಧ್ಯಕ್ಷರಿಗೆ ಅನುಮತಿ ಕೊಟ್ಟಿತು. ಸೆನೆಟ್‌ನಲ್ಲಿ ವಿರುದ್ಧ ಒಂದೂ ಮತವಿಲ್ಲ. ಕೆಳಮನೆಯಲ್ಲಿ 420ಕ್ಕೆ 1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. 2014ರಲ್ಲಿ ಐಸಿಸ್ ಮೇಲೆ ದಾಳಿ ಮಾಡುವಾಗಲೂ ಒಬಾಮಾ ಸರಕಾರ ಇದೇ ಹಳೆಯ ಕಾಗದವನ್ನು ತೋರಿಸಿತು. ಅಧ್ಯಕ್ಷರು ತಾವಾಗಿಯೇ ಯುದ್ಧ ಹೂಡಬಹುದೇ ಎಂದು 2007ರ ಕೊನೆಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಅಭ್ಯರ್ಥಿಗಳನ್ನು ಲಿಖಿತವಾಗಿ ಕೇಳಿತ್ತು. ದೇಶಕ್ಕೆ ಎದುರಾದ ಅಪಾಯವನ್ನು ತಡೆಯುವುದಕ್ಕಲ್ಲದೆ ಬೇರಾವುದಕ್ಕೂ ಸಂವಿಧಾನ ಆ ಅಧಿಕಾರ ಕೊಟ್ಟಿಲ್ಲ ಎಂದು ಒಬಾಮಾ ಸ್ಪಷ್ಟವಾಗಿ ಉತ್ತರಿಸಿದ್ದರು. 2011ರಲ್ಲಿ ಸಂಸತ್ತನ್ನು ಕೇಳದೆಯೇ ಲಿಬಿಯಾ ಮೇಲೆ ವಿಮಾನ ಕಳುಹಿಸಿದರು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ಆಕ್ಸ್‌ಫರ್ಡ್‌ನಲ್ಲಿ ಕೋಟಿಗಟ್ಟಲೆ ಜನರ ಮುಂದೆ ಯಾರಾದರೂ ಕೇಳಿದ್ದರೆ ಆ ಉತ್ತರವನ್ನು ನುಂಗಿಕೊಳ್ಳುವುದು ಇಷ್ಟು ಸುಲಭವಾಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಆದ್ದರಿಂದ ನೀನು ಟಿವಿ ಆರಿಸಬೇಡ. ನಿನ್ನ ಕ್ಷೇತ್ರದ ಪ್ರತಿನಿಧಿ ಸಭೆ ಕರೆದಾಗ ಹೋಗಿ ಒಂದೇ ಪ್ರಶ್ನೆ ಕೇಳು: 2001ರ ಆ ಕಾನೂನನ್ನು ರದ್ದು ಮಾಡಲು ನೀವು ಮತ ಹಾಕುತ್ತೀರಾ, ಹೌದೋ ಅಲ್ಲವೋ? ಉತ್ತರ ಏನು ಬಂತೆಂದು ನನಗೆ ಬರೆ. ಅತ್ತಿಗೆಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ. ಡಿಸೆಂಬರ್‌ನಲ್ಲಿ ಬರುವುದಾದರೆ ಮೊದಲೇ ತಿಳಿಸು, ಉಳಿದ ಜಗಳವನ್ನು ಎದುರುಬದುರು ಕುಳಿತೇ ಆಡೋಣ.

ನಿನ್ನ ಗೆಳೆಯ